ಎಡಗಡೆಯ ಪ್ಯಾಕಿಂಗು

ಮೂರನೆಯ ಸಲವೂ ಇಂಜಿನ್ ನಡುಗಿತು.

ಮಡ್‌ಗಾರ್ಡಿನ ಮೇಲೆ ಇಟ್ಟಿದ್ದ ಚಹಾದ ಲೋಟ ತಾನಾಗಿ ಹೆಜ್ಜೆ ಇಡುತ್ತ ಅಂಚಿನ ಕಡೆ ಹೊರಟಿತು. ಮೇಸ್ತ್ರಿ ಓಡಿ ಬಂದು ಹಿಡಿದ.

"ನೋಡಕ್ಕಾ, ನಿನಗೆ ಕುಡಿಯೋಕೆ ಪುರುಸೊತ್ತಿಲ್ಲ ಅಂತ ಚಹಾನೇ ಬೇಜಾರಾಗಿ ಮನೆಗೆ ಹೊರಟಿತ್ತು."

ಫಿಟ್ಟರಕ್ಕ ನಗಲಿಲ್ಲ. ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದಳು. ನಿಂತ ಮೇಲೂ ಅವಳ ಅಂಗೈಯಲ್ಲಿ ಆ ನಡುಕ ಉಳಿದಿತ್ತು. ಬಟ್ಟೆಯಲ್ಲಿ ಒರೆಸಿಕೊಂಡಳು, ಹೋಗಲಿಲ್ಲ.

ಷೆಡ್ಡಿನಲ್ಲಿ ಅವಳಿಗಿದ್ದ ಹೆಸರು ಅದೊಂದೇ, ಫಿಟ್ಟರಕ್ಕ. ಹೆಂಗಸು ಇಂಜಿನ್ ಇಳಿಸುತ್ತಾಳಾ ಎಂದು ಮೂಗು ಮುರಿದವರೆಲ್ಲ ಈಗ ಗಾಡಿ ತಂದು ಅವಳ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಈ ಕಾರು ಹಲ್ಲಿನ ಡಾಕ್ಟರದು. ಮೂವತ್ತೈದು ವರ್ಷದ ಹಿಂದೆ, ಈಗ ಬಾಗಿಲು ಹಾಕಿರುವ ಒಂದು ಕಾರ್ಖಾನೆಯಲ್ಲಿ ತಯಾರಾದದ್ದು. ಕೋಳಿ ಗೂಡಿನ ಪಕ್ಕ ಕೊಳೆಯುತ್ತಿದ್ದುದನ್ನು ಡಾಕ್ಟರು ಎತ್ತಿಕೊಂಡು ಬಂದಿದ್ದರು. ಎಂಟು ತಿಂಗಳು ತಿಕ್ಕಿ, ತೊಳೆದು, ಬೆಸೆದು, ಬಳಿದು ಅದನ್ನು ಅವಳು ಮತ್ತೆ ಕಾರು ಮಾಡಿದ್ದಳು. ಬರುವ ಭಾನುವಾರ ಹಳೆ ಕಾರುಗಳ ಸಂಘದ ಪ್ರದರ್ಶನ. ಅಲ್ಲಿಯ ಪರೀಕ್ಷಕರು ನೋಡಿ, "ಕಾರ್ಖಾನೆಯಿಂದ ಹೊರಬಿದ್ದ ಹಾಗೇ ಇದೆ" ಎಂದು ಸಹಿ ಹಾಕಬೇಕು. ಇವತ್ತು ಮಂಗಳವಾರ.

ಇಂಜಿನ್ ಮೌಂಟ್ ಎಂದರೆ ದೊಡ್ಡ ಸಂಗತಿಯೇನಲ್ಲ. ಎರಡು ಉಕ್ಕಿನ ತಟ್ಟೆಗಳ ನಡುವೆ ಕಚ್ಚಿಸಿದ ಅಂಗೈ ಅಗಲದ ರಬ್ಬರಿನ ಗಟ್ಟಿ. ಎಡಕ್ಕೊಂದು, ಬಲಕ್ಕೊಂದು. ಇಂಜಿನ್ನಿನ ಭಾರವನ್ನೂ ಸಿಟ್ಟನ್ನೂ ತಾನು ನುಂಗಿಕೊಂಡು, ಮೇಲೆ ಮೆತ್ತಗೆ ಕೂತವರಿಗೆ ಏನೂ ಗೊತ್ತಾಗದ ಹಾಗೆ ನೋಡಿಕೊಳ್ಳುವುದೇ ಅದರ ಬದುಕು. ಇದೆ ಎಂದು ಯಾರಿಗೂ ನೆನಪಿರುವುದಿಲ್ಲ. ಹರಿದ ದಿನ ಮಾತ್ರ ಎಲ್ಲರ ಬಾಯಲ್ಲೂ ಬೈಗುಳ.

ಅವಳು ಆ ಕೆಲಸದಲ್ಲಿ ಎಳ್ಳಷ್ಟೂ ಕೊರತೆ ಉಳಿಸಿರಲಿಲ್ಲ. ಹಳೆಯ ತಟ್ಟೆಗಳನ್ನೇ ಕೊಟ್ಟು ಹೊಸ ರಬ್ಬರು ಕಚ್ಚಿಸಿದ್ದಳು. ಎಡದ್ದು ಒಂದು ಗುಲಗಂಜಿ ಗಡುಸು, ಬಲದ್ದು ಮೆದು, ಸಂಘದವರು ಕೊಟ್ಟ ಅಳತೆಪಟ್ಟಿಯ ಹಾಗೆ. ಮೌಂಟು ಕೂರುವ ಬ್ರಾಕೆಟ್ಟಿಗೆ ಹೊಳಪಿಲ್ಲದ ಕಪ್ಪು. ರಬ್ಬರಿಗೆ ಒಂದು ಹನಿ ಬಣ್ಣವೂ ತಾಗಕೂಡದು. ನಟ್ಟಿನ ತಲೆಗೆ ಒಂದು ಹಳದಿ ಚುಕ್ಕೆ. ಅದನ್ನು ಬ್ರಷ್ಷಿನಲ್ಲಿ ಇಟ್ಟರೆ ಚಂದ ಜಾಸ್ತಿಯಾಗುತ್ತದೆ ಎಂದು ಬೆಂಕಿಕಡ್ಡಿಯಲ್ಲಿ ಇಟ್ಟಿದ್ದಳು. ಇಂಜಿನ್ ಇಳಿಸುವಾಗ ಎಲ್ಲ ಬೋಲ್ಟುಗಳನ್ನೂ ಸಡಿಲ ಬಿಟ್ಟು, ಅದು ತಾನಾಗಿ ತನ್ನ ಜಾಗ ಹುಡುಕಿ ಕೂತ ಮೇಲೆ ಬಿಗಿದಿದ್ದಳು. ಆದರೂ ಫ್ಯಾನು ಎಡಕ್ಕೆ ವಾಲಿತ್ತು. ಸೈಲೆನ್ಸರ್ ಪೈಪು ಚಾಸಿಗೆ ತಾಗಿ ಹಲ್ಲು ಕಡಿಯುತ್ತಿತ್ತು.

"ಎಡ ಬ್ರಾಕೆಟ್ಟು ತಗ್ಗಿದೆ," ಎಂದಳು.

"ಅಪಘಾತ ಆಗಿರಬೇಕು," ಎಂದ ಮೇಸ್ತ್ರಿ.

"ಚಾಸಿ ಅಳೆದಿದ್ದೀನಿ. ಎಲ್ಲೂ ಬಾಗಿಲ್ಲ. ಬ್ರಾಕೆಟ್ಟು ಬೆಸೆದಿರೋದೇ ತಗ್ಗಿಗೆ. ನಾಲ್ಕು ಮಿಲಿಮೀಟರು. ಹುಟ್ಟಿದಾಗಿಂದ ಹಾಗೇ."

"ಹುಟ್ಟಿದಾಗಿಂದ ಕುಂಟು ಅನ್ನು. ಪುಸ್ತಕಯ್ಯನ ಮುಂದೆ ಕುಂಟು ಕುದುರೆ ನಿಲ್ಲಿಸೋದು ನಮ್ಮ ಹಣೆಯಲ್ಲಿ ಬರೆದಿತ್ತು."

ಪುಸ್ತಕಯ್ಯ ಎಂದರೆ ಪರೀಕ್ಷಕರು. ಕಾರ್ಖಾನೆ ಮುಚ್ಚುವ ಮುಂಚೆ ಕಂಪನಿಯೇ ಅಚ್ಚು ಹಾಕಿಸಿದ ದಪ್ಪ ಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡು ಓಡಾಡುವುದರಿಂದ ಷೆಡ್ಡಿನವರು ಇಟ್ಟ ಹೆಸರು.

ಅವತ್ತು ಸಂಜೆಯವರೆಗೆ ಅವಳು ಇನ್ನೆರಡು ಸಲ ಬಿಚ್ಚಿ ಬಿಗಿದಳು. ಕೂತರೆ ನಿಲ್ಲಬೇಕು ಅನ್ನಿಸುತ್ತಿತ್ತು, ನಿಂತರೆ ಮತ್ತೆ ಕಾರಿನ ಕೆಳಗೆ ತೂರಬೇಕು ಅನ್ನಿಸುತ್ತಿತ್ತು. ಎಲ್ಲೋ ಏನೋ ಕೈಬಿಟ್ಟುಹೋಗಿದೆ. ಏನು?

*

ಮನೆಯಲ್ಲಿ ಅಪ್ಪ ಊಟಕ್ಕೆ ಕೂತಿದ್ದ. ಅವನ ಬಲಗೈ ಯಾವಾಗಲೂ ನಡುಗುತ್ತದೆ. ಗಾಳಿಯಿಂದ ಓಡುವ ನಟ್ ತಿರುಗಿಸುವ ಯಂತ್ರವನ್ನು ಹನ್ನೊಂದು ವರ್ಷ ಹಿಡಿದ ಕೈ ಅದು. ಬೆರಳುಗಳ ತುದಿ ಚಳಿಯಲ್ಲಿ ಬಿಳಿಚಿಕೊಳ್ಳುತ್ತದೆ. ತಟ್ಟೆಯ ಅಂಚಿಗೆ ಚಮಚ ತಾಗಿ ಟಿಣಟಿಣ ಎನ್ನುತ್ತಿತ್ತು. ಆ ಸದ್ದು ಕೇಳಿಕೊಂಡೇ ಅವಳು ಬೆಳೆದಿದ್ದಳು.

"ಮುಖ ಯಾಕೆ ಗಂಟು ಹಾಕಿದ್ದೀಯ?" ಎಂದಳು ಅಮ್ಮ.

"ಒಂದು ಇಂಜಿನ್ನು. ಮೌಂಟು ಸರಿಯಾಗೇ ಹಾಕಿದ್ದೀನಿ, ನಡುಗುತ್ತೆ. ಎಡಕ್ಕೆ ವಾಲುತ್ತೆ."

ಚಮಚದ ಸದ್ದು ನಿಂತಿತು. "ಯಾವ ಕಾರು?" ಎಂದ ಅಪ್ಪ.

ಅವಳು ನಾಲಗೆ ಕಚ್ಚಿಕೊಂಡಳು. ಎಂಟು ತಿಂಗಳಿಂದ ಮುಚ್ಚಿಟ್ಟಿದ್ದಳು. ಆ ಕಾರ್ಖಾನೆಯ ಸುದ್ದಿ ಈ ಮನೆಯಲ್ಲಿ ಎತ್ತುವಂತಿರಲಿಲ್ಲ. ಅವಳಿಗೆ ಆರು ವರ್ಷವಿದ್ದಾಗ ಒಂದು ಮಧ್ಯಾಹ್ನ ಅಪ್ಪ ಊಟದ ಡಬ್ಬಿ ಹಿಡಿದುಕೊಂಡು ಹೊತ್ತಿಲ್ಲದ ಹೊತ್ತಲ್ಲಿ ಮನೆಗೆ ಬಂದಿದ್ದ, ಮತ್ತೆ ಹೋಗಲಿಲ್ಲ. "ಕೆಲಸ ಕೆಡಿಸಿದನಂತೆ" ಎಂದು ಅಕ್ಕಪಕ್ಕದವರು ಪಿಸುಗುಟ್ಟಿದ್ದು ಮಾತ್ರ ಗೊತ್ತು. ಏನು ಕೆಡಿಸಿದ, ಹೇಗೆ ಕೆಡಿಸಿದ ಎಂದು ಕೇಳಿದಾಗಲೆಲ್ಲ ಅಪ್ಪ ಎದ್ದು ಅಂಗಳಕ್ಕೆ ಹೋಗುತ್ತಿದ್ದ.

"ನಿಮ್ಮದೇ ಕಾರ್ಖಾನೆದು," ಎಂದಳು ಕೊನೆಗೆ.

ಅಪ್ಪ ಏಳಲಿಲ್ಲ. "ಎಡ ಮೌಂಟಿನ ಕೆಳಗೆ ಏನಿತ್ತು?"

"ಏನೂ ಇರಲಿಲ್ಲ. ಯಾವನೋ ರಸ್ತೆಬದಿಯವನು ಬೆಲ್ಟಿನ ಚೂರು ತುರುಕಿದ್ದ. ಎಣ್ಣೆ, ಕೊಳಕು. ಮೊನ್ನೆ ಬ್ರಾಕೆಟ್ಟು ತಿಕ್ಕುವಾಗ ಕಿತ್ತು ಗುಜರಿ ಡ್ರಮ್ಮಿಗೆ ಎಸೆದೆ."

"ನಾಲ್ಕು ಮಿಲಿಮೀಟರು ದಪ್ಪ. ಒಂದು ಕಡೆ ಕಿವಿಯ ಹಾಗೆ ಹೊರಗೆ ಚಾಚಿತ್ತು."

ಅವಳು ತುತ್ತನ್ನು ತಟ್ಟೆಗೆ ಇಳಿಸಿದಳು. "ಹೌದು. ನಿಮಗೆ ಹೇಗೆ..."

"ಕಿವಿ ಮೇಲೆ ನಂಬರ್ ನೋಡಿದೆಯಾ?"

"ಯಾವ ನಂಬರ್?"

"ಒರೆಸಿ ನೋಡದೇ ಎಸೆದೆ," ಎಂದ ಅಪ್ಪ. ಬೈದ ಹಾಗೆ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಅವರೂ ಹಾಗೇ ಎಸೆದರು."

ಅಮ್ಮ ಪಾತ್ರೆಯ ಮುಚ್ಚಳವನ್ನು ಧಡ್ ಎಂದು ಹಾಕಿದಳು. "ಈಗಲಾದರೂ ಬಾಯಿ ಬಿಡಿ. ಮೂವತ್ತನಾಲ್ಕು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡು ಏನು ಮರಿ ಹಾಕಿಸ್ತಿದ್ದೀರಾ? ಇವತ್ತು ನೀವು ಹೇಳದಿದ್ದರೆ ನಾನೇ ಹೇಳ್ತೀನಿ, ನನಗೆ ಗೊತ್ತಿರೋದು ಅರ್ಧಂಬರ್ಧ."

ಅಪ್ಪ ಹೇಳಿದ. ತಡವರಿಸುತ್ತ, ನಡುನಡುವೆ ನೀರು ಕುಡಿಯುತ್ತ.

ಚಾಸಿಗೆ ಬ್ರಾಕೆಟ್ಟು ಬೆಸೆಯುವಾಗ ಅದನ್ನು ಹಿಡಿದು ನಿಲ್ಲಿಸುವ ಅಚ್ಚು ಸವೆದುಹೋಗಿತ್ತು. ಬಂದ ಚಾಸಿಗಳಿಗೆಲ್ಲ ಎಡಗಡೆ ನಾಲ್ಕು ಮಿಲಿಮೀಟರು ತಗ್ಗು. ಅಚ್ಚು ಸರಿಮಾಡಲು ಒಂದು ದಿನ ಲೈನು ನಿಲ್ಲಿಸಬೇಕು. ನಿಲ್ಲಿಸುವುದಿಲ್ಲ ಎಂದರು ಮೇಲಿನವರು. ಇಂಜಿನ್ ನಡುಗಿದರೆ ಜೋಡಿಸುವವನ ಮೇಲೆ ದಂಡ. ಎಡಗಡೆ ಜೋಡಿಸುತ್ತಿದ್ದವರು ಮೂರೇ ಜನ, ಮೂರು ಪಾಳಿಗೆ, ಕಾರ್ಖಾನೆಯಲ್ಲಿ ಕರೆಯುತ್ತಿದ್ದುದು ನಂಬರಿನಿಂದಲೇ: ಮೂವತ್ತೊಂದು, ನಲವತ್ತೇಳು, ಐವತ್ತೆರಡು. ಹರಿದ ಕನ್ವೇಯರ್ ಬೆಲ್ಟಿನಿಂದ ಸಂದು ತುಂಬುವ ಪ್ಯಾಕಿಂಗು ಕತ್ತರಿಸಿ ಮೌಂಟಿನ ಕೆಳಗೆ ಇಟ್ಟರೆ ಇಂಜಿನ್ ಹಸುವಿನ ಹಾಗೆ ನಿಲ್ಲುತ್ತದೆ ಎಂದು ಮೊದಲು ಕಂಡುಕೊಂಡವನು ಮೂವತ್ತೊಂದು. ಅಪ್ಪ.

"ಕದ್ದು ಇಡೋ ತುಂಡಿಗೆ ನಂಬರ್ ಯಾಕೆ ಹೊಡೆದಿರಿ?" ಎಂದಳು ಮಗಳು.

ಅಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕೈಯಲ್ಲಿ ಮಾಡಿದ ಮೇಲೆ ನಂಬರ್ ಹೊಡೀದೆ ಇರೋಕಾಗುತ್ತಾ? ಹಾಗೇ ಅಭ್ಯಾಸ. ಪಂಚು ಕಾಯಿಸಿ ಒತ್ತಿಬಿಡೋದು. ಮುಂದೆ ಏನಾದರೂ ಆದರೆ ಯಾರು ಮಾಡಿದ್ದು ಅಂತ ತಿಳೀಬೇಕಲ್ಲ."

"ತಿಳೀತಲ್ಲ," ಎಂದಳು ಅಮ್ಮ. "ಚೆನ್ನಾಗಿ ತಿಳೀತು. ಕಳ್ಳ ತನ್ನ ವಿಳಾಸ ಬರೆದಿಟ್ಟು ಬಂದ ಹಾಗೆ."

ಅಪ್ಪ ಅಷ್ಟಕ್ಕೇ ಸುಮ್ಮನಿರಲಿಲ್ಲ. ಈ ಪ್ಯಾಕಿಂಗು ತೇಪೆ, ಅಚ್ಚು ಸರಿಮಾಡಿ ಎಂದು ಕಾಗದ ಬರೆದು ಮ್ಯಾನೇಜರಿಗೆ ಕೊಟ್ಟ. ವಾರದೊಳಗೆ ವಿಚಾರಣೆ. ಮೇಜಿನ ಮೇಲೆ ಮೂವತ್ತೊಂದು ಎಂದು ಒತ್ತಿದ ತುಂಡು. ಇಂಜಿನ್ನಿನಲ್ಲಿ ಹೊರಗಿನ ವಸ್ತು ತುರುಕಿ ಕಂಪನಿಯ ಕೆಲಸ ಕೆಡಿಸಿದ್ದಾನೆ ಎಂಬ ಆರೋಪ. ನಲವತ್ತೇಳೂ ಐವತ್ತೆರಡೂ ಬಂದು ನಿಂತು, "ಇಂಥ ತುಂಡು ನಾವು ಕಣ್ಣಲ್ಲೂ ಕಂಡಿಲ್ಲ" ಎಂದರು. ನಲವತ್ತೇಳು ಅಪ್ಪನ ಜತೆ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದವನು.

"ಆಮೇಲೆ ಯಾರೂ ಇಡಲಿಲ್ಲ. ನನ್ನ ಜತೆಗೇ ಮುಗೀತು," ಎಂದ ಅಪ್ಪ. "ಹೋಗಲಿ ಬಿಡು. ತಗ್ಗಿದ್ದದ್ದು ಬ್ರಾಕೆಟ್ಟೋ ನನ್ನ ಕಣ್ಣೋ ಅಂತ ನನಗೇ ಎಷ್ಟೋ ಸಲ ಅನುಮಾನ ಬಂದಿದೆ."

ಒಬ್ಬ ಮನುಷ್ಯನಿಗೆ ತನ್ನ ಕಣ್ಣಿನ ಮೇಲೆಯೇ ಅನುಮಾನ ಬರಿಸಿ ಕಳಿಸುತ್ತಾರಲ್ಲ, ಅದು ಯಾವ ದಂಡ? ಅದನ್ನು ಯಾವ ಕಾಗದದಲ್ಲಿ ಬರೆದಿರುತ್ತಾರೆ? ಆದರೆ ಆ ಸಿಟ್ಟಿಗಿಂತ ಮುಂದೆ ಬಂದು ನಿಂತಿದ್ದು ಇನ್ನೊಂದು: ಆ ಮೇಜಿನ ಮೇಲೆ ಬಿದ್ದಿದ್ದಂಥದೇ ತುಂಡನ್ನು ಮೂವತ್ತನಾಲ್ಕು ವರ್ಷದ ಮೇಲೆ ಕೊಳಕು ಎಂದು ಕಿತ್ತೆಸೆದವಳು ತಾನು. ಅವನ ಮಗಳು. ಅದೂ "ಸರಿಯಾದ" ಮೌಂಟು ಹಾಕುವ ಸಡಗರದಲ್ಲಿ.

*

ಬುಧವಾರ ಬೆಳಿಗ್ಗೆ ಷೆಡ್ಡಿಗೆ ಬಂದಾಗ ಡ್ರಮ್ಮು ಬರಿದಾಗಿತ್ತು.

"ಗುಜರಿಯವನು ನಿನ್ನೆ ಸಂಜೆನೇ ಎತ್ತಿಕೊಂಡು ಹೋದ," ಎಂದ ಮೇಸ್ತ್ರಿ. "ಯಾಕೆ, ಮೂಗುತಿ ಬಿತ್ತಾ?"

ಅವಳು ಆಗಲೇ ಬಾಗಿಲು ದಾಟಿದ್ದಳು. ಗುಜರಿ ಅಂಗಳ ನಾಲ್ಕು ಬೀದಿ ಆಚೆ. ಕಬ್ಬಿಣ ಒಂದು ಕಡೆ, ತಾಮ್ರ ಬೀಗದೊಳಗೆ, ರಬ್ಬರು ಗೋಡೆಯ ಮೂಲೆಯಲ್ಲಿ ಆಳೆತ್ತರದ ರಾಶಿ. ಟೈರು, ಟ್ಯೂಬು, ಚಪ್ಪಲಿ ಅಟ್ಟೆ, ಕತ್ತರಿಸಿದ ಪೈಪು. ಬಿಸಿಲಿಗೆ ಆ ರಾಶಿಯಿಂದ ತಲೆ ತಿರುಗುವ ವಾಸನೆ ಏಳುತ್ತಿತ್ತು.

"ಏನಕ್ಕಾ ಬೇಕು? ಹೇಳಿದ್ರೆ ನಾನೇ ಕೊಡ್ತೀನಿ," ಎಂದ ಗುಜರಿಯವನು.

"ಅಂಗೈ ಅಗಲದ ಬೆಲ್ಟಿನ ಚೂರು."

ಅವನು ರಾಶಿಯನ್ನೂ ಅವಳನ್ನೂ ನೋಡಿದ. "ಹುಡುಕು ಹಾಗಿದ್ರೆ. ನಾನು ನಿನ್ನ ಮನೆಯವರಿಗೆ ಹೇಳಿ ಕಳಿಸ್ತೀನಿ, ಅವಳು ಬರೋದು ಮುಂದಿನ ತಿಂಗಳು ಅಂತ."

ಅವಳು ಮೊಣಕಾಲೂರಿ ಕೂತಳು. ಒಂದೊಂದನ್ನೂ ಎತ್ತಿ, ತಿರುವಿ, ಆಚೆ ಎಸೆದಳು. ಮಧ್ಯಾಹ್ನದ ಹೊತ್ತಿಗೆ ಉಗುರುಗಳ ಸಂದಿಯಲ್ಲಿ ರಕ್ತ ಜಿನುಗುತ್ತಿತ್ತು. ಗುಜರಿಯವನು ತಮಾಷೆ ಮರೆತು ತಾನೂ ಒಂದು ಕಡೆಯಿಂದ ಕೆದಕತೊಡಗಿದ. ಕೊನೆಗೆ ಹಳೆಯ ಕಾಲೊರಸೊಂದರ ಕೆಳಗೆ ಆ ಕಿವಿ ಕಂಡಿತು. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದಳು. ಎಣ್ಣೆಯ ಪದರ ಜಾರಿದ ಹಾಗೆ ಸುಟ್ಟ ಗೆರೆಗಳು ಮೇಲೆದ್ದವು. ಮೂರು. ಪಕ್ಕದಲ್ಲಿ ಒಂದು.

ಮೂವತ್ತೊಂದು.

ಗುಜರಿಯವನು ಬಗ್ಗಿ ನೋಡಿ, "ಇಷ್ಟಕ್ಕಾ?" ಎಂದ. ಅವಳ ಮುಖ ನೋಡಿ ದುಡ್ಡು ಕೇಳದೆ ಒಳಗೆ ಹೋದ.

ಸಂಜೆ ಇಂಜಿನ್ನನ್ನು ಸರಪಳಿಯಲ್ಲಿ ಒಂದು ಬೆರಳಷ್ಟು ಎತ್ತಿ, ಎಡ ಮೌಂಟಿನ ಕೆಳಗೆ ಆ ತುಂಡನ್ನು ಸೇರಿಸಿದಳು. ಕಿವಿ ಮುಂದಕ್ಕೆ, ನಂಬರು ಕಾಣುವ ಹಾಗೆ. ಬೋಲ್ಟು ಸಡಿಲವಿದ್ದಾಗಲೇ ಇಂಜಿನ್ ಒಂದು ನಿಮಿಷ ಓಡಿಸಿದಳು. ಅದು ಮೈ ಕೊಡವಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ, ತನ್ನ ಜಾಗ ಸಿಕ್ಕಿದ ಮೇಲೆ ಉಸಿರು ಬಿಟ್ಟ ಹಾಗೆ ನಿಂತಿತು. ಬಿಗಿದಳು. ಮೇಸ್ತ್ರಿ ಚಹಾದ ಲೋಟವನ್ನು ತಾನೇ ತಂದು ಮಡ್‌ಗಾರ್ಡಿನ ಮೇಲಿಟ್ಟ. ಚಹಾದ ಕೆನೆ ಕೂಡ ಅಲುಗಲಿಲ್ಲ.

"ಈಗ ತೆಗೆದುಬಿಡು ಆ ಚೂರನ್ನ," ಎಂದ ಮೇಸ್ತ್ರಿ, ನಗುತ್ತಲೇ.

"ಯಾಕೆ?"

"ಪುಸ್ತಕಯ್ಯ ಬರ್ತಾನೆ. ಬೆಲ್ಟಿನ ಚೂರು ಕಂಡರೆ ಕುಣಿದುಬಿಡ್ತಾನೆ. ಭಾನುವಾರಕ್ಕೆ ತೆಗಿ, ಸೋಮವಾರ ಹಾಕು. ಒಂದು ಗಂಟೆ ಕೆಲಸ."

ಗುರುವಾರ ಬಂದ ಡಾಕ್ಟರೂ ಅದೇ ಮಾತು ಹಿಡಿದರು. ತೆಳ್ಳಗಿನ, ಮೆತ್ತಗಿನ ಮನುಷ್ಯ. ಯಾರನ್ನು ಮಾತಾಡಿಸಿದರೂ ಕಣ್ಣು ಅವರ ಹಲ್ಲಿನ ಮೇಲೆಯೇ. "ಅಕ್ಕಾ, ತೆಗೆಯೋದು ಬೇಡ ಅಂದ್ರೆ ಕಪ್ಪು ಬಣ್ಣ ಆದ್ರೂ ಬಳಿದುಬಿಡಿ. ಬ್ರಾಕೆಟ್ಟಿನ ಜತೆ ಸೇರಿಹೋಗುತ್ತೆ."

"ಡಾಕ್ಟ್ರೇ, ನೀವು ಹಲ್ಲಿಗೆ ಟೋಪಿ ಹಾಕ್ತೀರಲ್ಲ, ಅದು ಒಂದು ಕಾಗದದಷ್ಟು ತಗ್ಗಿದ್ರೆ ಏನಾಗುತ್ತೆ?"

"ಅದು ಕಚ್ಚೋದೇ ಇಲ್ಲ. ಭಾರ ಎಲ್ಲ ಬೇರೆ ಹಲ್ಲಿನ ಮೇಲೆ. ದವಡೆ ನೋಯುತ್ತೆ, ತಲೆ ನೋಯುತ್ತೆ."

"ಪುಸ್ತಕದಲ್ಲಿ ಅಳತೆ ಸರಿ ಇದೆ ಅಂತ ರೋಗಿಯನ್ನ ಹಾಗೇ ಕಳಿಸ್ತೀರಾ?"

ಡಾಕ್ಟರು ತಲೆ ಅಲ್ಲಾಡಿಸಿದರು. ಅವಳು ಬಿಡಲಿಲ್ಲ. ಅಪ್ಪನ ಕತೆಯಷ್ಟನ್ನೂ ಅಲ್ಲೇ ನಿಂತು ಹೇಳಿದಳು. ಹೇಳುವಾಗ ಕೈಯಲ್ಲಿದ್ದ ಸ್ಪ್ಯಾನರು ಎಲ್ಲೆಲ್ಲೋ ತಿರುಗುತ್ತಿತ್ತು, ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದು ನಿಂತರು. "ತೆಗೀಬೇಕು ಅಂದ್ರೆ ತೆಗೆಸಿ. ಕಾರು ನಿಮ್ಮದು. ನನ್ನ ಕೈಯಿಂದ ಆಗಲ್ಲ. ಒಂದು ಸಲ ತೆಗೆದಾಗಿದೆ ನಾನು."

ಡಾಕ್ಟರು ಬಗ್ಗಿ, ಟಾರ್ಚು ಹಿಡಿದು, ಬಾಯಿಯೊಳಗೆ ನೋಡುವವರ ಹಾಗೆ ಆ ಕಿವಿಯನ್ನು ತುಂಬ ಹೊತ್ತು ನೋಡಿದರು. "ಸರ್ಟಿಫಿಕೇಟು ಹೋದ್ರೆ ಹೋಗಲಿ," ಎಂದರು. ಹೇಳಿದ ಮೇಲೆ ಅವರಿಗೇ ಹೆದರಿಕೆಯಾದ ಹಾಗಿತ್ತು, ಷೆಡ್ಡಿನ ಬಾಗಿಲಿಗೆ ಹೋದವರು ಮತ್ತೆ ತಿರುಗಿ, "ತುಂಬಾ ಕಾಣುತ್ತಾ ಅದು?" ಎಂದು ಕೇಳಿದರು.

*

ಅಪ್ಪ ಬರುವುದಿಲ್ಲ ಎಂದಿದ್ದ. ಭಾನುವಾರ ಬೆಳಿಗ್ಗೆ ಅವಳು ಎದ್ದಾಗ ಮೆಟ್ಟಿಲ ಮೇಲೆ ಬೂಟು ಹಾಕಿಕೊಂಡು ಕೂತಿದ್ದ.

"ಎರಡು ಗಂಟೆ ಹೊತ್ತಿನಿಂದ ಹೀಗೇ ಕೂತಿದ್ದಾರೆ," ಎಂದಳು ಅಮ್ಮ. "ಬೂಟಿನ ದಾರ ಕಟ್ಟೋದು, ಬಿಚ್ಚೋದು. ಕರ್ಕೊಂಡು ಹೋಗು ಮಾರಾಯ್ತಿ, ದಾರ ಹರಿದುಹೋಗುತ್ತೆ."

ಮೈದಾನದಲ್ಲಿ ಸಾಲುಸಾಲಾಗಿ ಕಾರುಗಳು. ಅದೇ ಕಾರ್ಖಾನೆಯ ಅದೇ ಮಾದರಿಯವೇ ಏಳು. ಮಾಲೀಕರು ಕರವಸ್ತ್ರದಲ್ಲಿ ಇಲ್ಲದ ಧೂಳು ಒರೆಸುತ್ತಿದ್ದರು. ಅಪ್ಪ ಆ ಬಣ್ಣಗಳ ನಡುವೆ ಕೈಯನ್ನು ಜೇಬಿನೊಳಗೆ ಅದುಮಿಕೊಂಡು ನಡೆದ. ತಾನು ಜೋಡಿಸಿದ ಕಾರುಗಳ ಮುಂದೆ, ಗೇಟಿನ ಕಾವಲಿನವನು ಎಲ್ಲಿ ಕೂಗಿ ಕರೆಯುತ್ತಾನೋ ಎಂಬಂತೆ.

ಪರೀಕ್ಷಕರು ಬಂದರು. ಎತ್ತರದ ಮುದುಕ, ಬಿಳಿ ಕೈಗವಸು, ಕಂಕುಳಲ್ಲಿ ಪುಸ್ತಕ. ಕೆಟ್ಟ ಮನುಷ್ಯರಲ್ಲ. ಬಾಗಿಲ ಸಂದು, ಹೊಲಿಗೆ, ದೀಪದ ಗಾಜು ಎಲ್ಲವನ್ನೂ ನೋಡಿ "ಚೆನ್ನಾಗಿದೆ, ಚೆನ್ನಾಗಿದೆ" ಎಂದರು. ಇಂಜಿನ್ ಮೇಲೆ ನೀರು ತುಂಬಿದ ಗಾಜಿನ ಲೋಟ ಇಟ್ಟು ಓಡಿಸಲು ಹೇಳಿದರು. ನೀರಿನ ಮೇಲೆ ಒಂದು ತೆಳ್ಳನೆಯ ಗೆರೆ ಎದ್ದಿತು, ಅಷ್ಟೇ.

"ಇಷ್ಟು ಶಾಂತವಾಗಿ ಈ ಮಾದರಿ ಓಡಿದ್ದು ನಾನು ನೋಡೇ ಇಲ್ಲ," ಎಂದರು. ಟಾರ್ಚು ಹಾಕಿ ಕೆಳಗೆ ಬಗ್ಗಿದರು. ಬಗ್ಗಿದವರು ಹಾಗೇ ನಿಂತರು.

"ಇದೇನಮ್ಮಾ? ಇದು ಪುಸ್ತಕದಲ್ಲಿ ಇಲ್ಲ."

"ಕಾರಿನಲ್ಲಿ ಇತ್ತು," ಎಂದಳು ಫಿಟ್ಟರಕ್ಕ. "ಕಾರ್ಖಾನೆಯಲ್ಲೇ ಇಟ್ಟದ್ದು. ಬ್ರಾಕೆಟ್ಟು ತಗ್ಗು. ನೀವೇ ಅಳೆದು ನೋಡಿ."

"ಇಲ್ಲ ಅಂದದ್ದು ತಪ್ಪಾಯ್ತು. ಇದೆ." ಅವರು ಪುಟ ತಿರುವಿದರು. ಬೆರಳಿಟ್ಟು, ಎಲ್ಲರಿಗೂ ಕೇಳುವ ಹಾಗೆ, ಶಾಲೆಯ ಮಾಸ್ತರರ ದನಿಯಲ್ಲಿ ಓದಿದರು: "'ಒಬ್ಬ ಕಾರ್ಮಿಕನ ಕಿಡಿಗೇಡಿತನದಿಂದ ಕೆಲವು ಕಾರುಗಳ ಎಡ ಮೌಂಟಿನ ಕೆಳಗೆ ಅನಧಿಕೃತ ವಸ್ತು ಸೇರಿರುತ್ತದೆ. ಕಂಡುಬಂದಲ್ಲಿ ತೆಗೆದುಹಾಕತಕ್ಕದ್ದು.'"

ಅಪ್ಪನ ಕೈ ಜೇಬಿನಿಂದ ಹೊರಗೆ ಬಂತು. ತನ್ನನ್ನು ಗೇಟಿನಾಚೆ ಹಾಕಿದ್ದು ಅವನಿಗೆ ಗೊತ್ತಿತ್ತು. ಹಾಕಿದ ಮೇಲೆ ಅಚ್ಚು ಹಾಕಿಸಿ ಊರೂರಿಗೆ ಹಂಚಿದ್ದು ಗೊತ್ತಿರಲಿಲ್ಲ.

"ಆ ಕಿಡಿಗೇಡಿ ಇವರು," ಎಂದಳು ಅವಳು. "ನಮ್ಮಪ್ಪ. ಅಂಕ ಎಷ್ಟು ಬೇಕಾದ್ರೂ ಕಡಿದುಕೊಳ್ಳಿ. ಆದರೆ ನಿಮ್ಮ ಹಾಳೆಯಲ್ಲಿ ಬರೀರಿ, ಇದು ಕಾರ್ಖಾನೆಯ ಕೆಲಸ ಅಂತ."

ಪರೀಕ್ಷಕರು ಅಪ್ಪನನ್ನು ನೋಡಿ ಗಲಿಬಿಲಿಗೊಂಡರು. "ಯಜಮಾನ್ರೇ, ನಿಮಗೆ ನೋಯಿಸಬೇಕು ಅಂತ ಓದಿದ್ದಲ್ಲ. ಆದರೆ ಒಂದು ಕಾರಿನಲ್ಲಿ ಒಂದು ತುಂಡು, ಅದರ ಮೇಲೆ ಒಂದೇ ನಂಬರು. ಪುಸ್ತಕ ಹೇಳೋದೂ ಅದನ್ನೇ ಅಲ್ವಾ? ಒಬ್ಬ ಮಾಡಿದ್ದು ಅಂತ. ನಾನು ಹೇಗೆ ಬರೀಲಿ?"

"ಹೌದು," ಎಂದ ಅಪ್ಪ. "ನಾನೊಬ್ಬನೇ. ನಡಿ ಮಗಳೇ, ಹೋಗೋಣ."

ಅವಳು ಹೋಗಲಿಲ್ಲ. ಪಕ್ಕದ ಕಾರಿನ ಹತ್ತಿರ ಹೋಗಿ ಮಾಲೀಕನನ್ನು ಕೇಳಿದಳು. ಬಾನೆಟ್ಟು ಎತ್ತಿಸಿದಳು. ಹೊಸ ಮೌಂಟು, ಹೊಸ ಕಪ್ಪು, ಹಳದಿ ಚುಕ್ಕೆ. ತುಂಡಿಲ್ಲ. ಮುಂದಿನದು. ಅಲ್ಲೂ ಇಲ್ಲ. ಆ ಮಾಲೀಕ ತಲೆ ಕೆರೆದುಕೊಂಡು, "ಇತ್ತು ಕಣ್ರೀ ಒಂದು ಬೆಲ್ಟಿನ ಚೂರು. ಪುಸ್ತಕದಲ್ಲಿ ತೆಗೀರಿ ಅಂತಿತ್ತು, ಎಸೆದೆ. ಆವತ್ತಿಂದ ನಡುಗುತ್ತೆ ಹಾಳಾದ್ದು," ಎಂದ. ಮೂರನೆಯವನೂ, ಅವನಾಚೆಯ ಇಬ್ಬರೂ ಎಸೆದಿದ್ದರು. ಇಷ್ಟು ಚಂದ ಮಾಡಿ, ಇಷ್ಟು ಪ್ರೀತಿಯಿಂದ, ಒಬ್ಬೊಬ್ಬರೂ ಕೈಯಾರೆ ಸಾಕ್ಷಿ ಅಳಿಸಿದ್ದರು. ಪುಸ್ತಕ ಬರೆದವರು ಬೆವರು ಕೂಡ ಸುರಿಸಬೇಕಾಗಿರಲಿಲ್ಲ.

ಮೈದಾನದ ತುದಿಯಲ್ಲಿ, ಯಾರೂ ಸುಳಿಯದ ಕಡೆ, ಏಳನೆಯ ಕಾರು ನಿಂತಿತ್ತು. ತುಕ್ಕು ತಿಂದ ಬಾಗಿಲು, ಹರಿದ ಸೀಟು. ಸಿಕ್ಕ ಹಾಗೇ ತಂದು ನಿಲ್ಲಿಸಿದ್ದು. ಒಬ್ಬ ಅಜ್ಜಿ ಮಡಚುವ ಕುರ್ಚಿಯಲ್ಲಿ ಕೂತು ಹೆಣೆಯುತ್ತಿದ್ದರು.

"ಅಜ್ಜೀ, ಬಾನೆಟ್ಟು ತೆಗೀಲಾ?"

"ತೆಗಿಯಮ್ಮಾ. ನಮ್ಮೋರು ಹೋದ ಮೇಲೆ ಯಾರೂ ಮುಟ್ಟಿಲ್ಲ. ಇಲಿ ಇದ್ದೀತು, ನೋಡಿಕೋ."

ಇಲಿಯ ಗೂಡು ಇತ್ತು. ಅದರ ಕೆಳಗೆ, ಎಡಗಡೆ, ದಪ್ಪ ಜಿಡ್ಡಿನೊಳಗಿಂದ ಒಂದು ಕಿವಿ ಚಾಚಿತ್ತು.

ಅವಳು ಕಿರುಚಿದ್ದು ಕೇಳಿ ಎಲ್ಲರೂ ಬಂದರು. ಡಾಕ್ಟರು ಟಾರ್ಚು ಹಿಡಿದರು. ಅವಳು ಸೀಮೆಎಣ್ಣೆಯ ಬಟ್ಟೆಯನ್ನು ಅಪ್ಪನ ಕೈಗೆ ಕೊಟ್ಟಳು. ಅವನ ಕೈ ನಡುಗುತ್ತಲೇ ಒರೆಸಿತು. ನಡುಗುವ ಕೈಯೇ ಆ ಕೆಲಸಕ್ಕೆ ಒಳ್ಳೆಯದಾಗಿತ್ತು, ಜಿಡ್ಡು ಬೇಗ ಬಿಟ್ಟಿತು.

"ನಲವತ್ತೇಳು," ಎಂದ ಅಪ್ಪ.

ಪರೀಕ್ಷಕರು ಬಾಗಿಲ ಕೆಳಗೆ ಚಾಸಿಯ ತಗಡನ್ನು ಹುಡುಕಿ, ಕನ್ನಡಕ ಮೇಲೆತ್ತಿ ವರ್ಷ ಓದಿದರು. ಅಪ್ಪನನ್ನು ಗೇಟಿನಾಚೆ ಹಾಕಿದ ಎರಡು ವರ್ಷದ ಮೇಲೆ ತಯಾರಾದ ಕಾರು ಅದು.

"ಕಣ್ಣಲ್ಲೂ ಕಂಡಿಲ್ಲ ಅಂದ," ಎಂದ ಅಪ್ಪ. ಮತ್ತೆ ಅದನ್ನೇ ಅಂದ. ಆಮೇಲೆ ನಕ್ಕ, ಅರ್ಧಕ್ಕೆ ನಿಲ್ಲಿಸಿದ, ಕಾರಿನ ಚಕ್ರಕ್ಕೆ ಬೂಟುಗಾಲಿನಿಂದ ಒಂದು ಒದ್ದ. ಅಜ್ಜಿ ಹೆಣಿಗೆಯಿಂದ ತಲೆಯೆತ್ತಿ, "ನಿಧಾನ, ಯಜಮಾನ್ರೇ," ಎಂದರು. ಅಪ್ಪ ನಿಲ್ಲಿಸಲಿಲ್ಲ. "ಮೇಜಿನ ಮುಂದೆ ನಿಂತು ನನ್ನ ಹೊಟ್ಟೆ ಮೇಲೆ ಹೊಡೆದ. ಆಮೇಲೆ ಎರಡು ವರ್ಷ ಕೂತು ನನ್ನದೇ ಪ್ಯಾಕಿಂಗು ಕತ್ತರಿಸಿದ. ನಂಬರ್ ಬೇರೆ ಹೊಡೆದಿದ್ದಾನೆ, ಬಡ್ಡೀಮಗ!"

ಪರೀಕ್ಷಕರು ತಮ್ಮ ಹಾಳೆಯನ್ನೂ ಪುಸ್ತಕವನ್ನೂ ನೋಡಿದರು. ಪೆನ್ನು ತೆಗೆದರು. "ಇದಕ್ಕೆ ಹಾಳೆಯಲ್ಲಿ ಜಾಗ ಇಲ್ಲ," ಎಂದರು, ಆದರೆ ಆ ದನಿ ಮಾಸ್ತರರದಾಗಿರಲಿಲ್ಲ.

"ಅಂಚು ಖಾಲಿ ಇದೆಯಲ್ಲ," ಎಂದಳು ಫಿಟ್ಟರಕ್ಕ. "ಹಾಳೆದಲ್ಲ. ಪುಸ್ತಕದ್ದು. ಆ ಸಾಲು ಇರೋ ಪುಟದ್ದು."

ಅವರು ಪುಸ್ತಕವನ್ನು ಕಾರಿನ ಮಡ್‌ಗಾರ್ಡಿನ ಮೇಲಿಟ್ಟರು. ಮೂವತ್ತು ವರ್ಷ ಗೀರು ಬೀಳದ ಹಾಗೆ ಕಾಪಾಡಿದ ಪುಸ್ತಕ. "ಒಬ್ಬ ಕಾರ್ಮಿಕನ ಕಿಡಿಗೇಡಿತನದಿಂದ" ಎಂಬ ಮಾತುಗಳ ಮೇಲೆ ನಿಧಾನವಾಗಿ ಗೆರೆ ಎಳೆದರು. "ತೆಗೆದುಹಾಕತಕ್ಕದ್ದು" ಎಂಬುದರ ಮೇಲೆ ಇನ್ನೊಂದು. ಅಂಚಿನಲ್ಲಿ ಬರೆದರು: ಎಡ ಬ್ರಾಕೆಟ್ಟು ನಾಲ್ಕು ಮಿಲಿಮೀಟರು ತಗ್ಗು. ಪ್ಯಾಕಿಂಗು ಕಾರ್ಖಾನೆಯಲ್ಲೇ ಇಟ್ಟದ್ದು. ಮೂವತ್ತೊಂದು.

"ನಲವತ್ತೇಳು ಅಂತಾನೂ ಬರೀರಿ," ಎಂದ ಅಪ್ಪ.

"ಅವನದ್ಯಾಕಪ್ಪಾ?" ಎಂದಳು ಮಗಳು.

"ಕೆಲಸ ಅವನದು. ಬರೀಲಿ."

ಡಾಕ್ಟರ ಕಾರಿಗೆ ಅವತ್ತು ಸಹಿ ಬೀಳಲಿಲ್ಲ. ಸಂಘದಲ್ಲಿ ಕೂತು ಮಾತಾಡಬೇಕು ಎಂದರು ಪರೀಕ್ಷಕರು. ತುಂಡು ಎಸೆದಿದ್ದ ಮಾಲೀಕರು ಫಿಟ್ಟರಕ್ಕನ ಸುತ್ತ ನೆರೆದು ಅಳತೆ ಕೇಳತೊಡಗಿದರು. ಆದರೆ ಅಪ್ಪ ಆಗಲೇ ಗೇಟಿನ ಕಡೆ ಹೊರಟಾಗಿತ್ತು. ಅವಳು ಓಡಿ ಹಿಂದೆ ಬಿದ್ದಳು.

"ಎಲ್ಲಿಗೆ?"

"ಆ ನಲವತ್ತೇಳು ಬದುಕಿದ್ದಾನಾ ಅಂತ ವಿಚಾರಿಸಬೇಕು. ರೈಲು ನಿಲ್ದಾಣದ ಹಿಂದಿನ ಬೀದೀಲಿ ಮನೆ ಇತ್ತು ಆಗ."

"ಈಗಲೇನಾ? ಜಗಳಕ್ಕಾ?"

ಅಪ್ಪ ನಡಿಗೆ ನಿಲ್ಲಿಸಲಿಲ್ಲ. ಬೂಟಿನ ದಾರ ಬಿಚ್ಚಿಹೋಗಿ ನೆಲದ ಮೇಲೆ ಎಳೆದಾಡುತ್ತಿತ್ತು. "ಗೊತ್ತಿಲ್ಲ ಕಣೇ. ಮೊದಲು ಬಾಗಿಲು ಬಡಿಯೋಣ. ತೆಗೆದ ಮೇಲೆ ಗೊತ್ತಾಗುತ್ತೆ."